ಬಂಡೆಮ್ಮ ನಮ್ಮ ಹಿತ್ತಲಲ್ಲಿ ಕೂತ ಒಂದು ತಿಂಗಳು

ಅರ್ಧ ಚೀಲ ತೊಗರಿಯಷ್ಟು ತೂಕ. ವಯಸ್ಸು ಅರವತ್ತು ಎಂದಳು. ನಾನು ಎಪ್ಪತ್ತು ಹಿಡಿದೆ. ಬಾಯಲ್ಲಿ ಹಲ್ಲು ಐದು, ಅದರಲ್ಲಿ ಕೆಲಸಕ್ಕೆ ಬರುವವು ಎರಡು. ಎಡಗಣ್ಣಿಗೆ ಪೊರೆ. ಕೈಗಳು ಮಾತ್ರ ದುಡಿದ ಎತ್ತಿನ ಹೆಗಲಿನ ಹಾಗೆ ಗಟ್ಟಿಯಾಗಿದ್ದವು. ಕುಸನೂರಿನ ಸೂಲಗಿತ್ತಿ ಬಂಡೆಮ್ಮ ಗಾಡಿಯಿಂದ ಇಳಿದು ನಮ್ಮ ಕಮಲಾಪುರದ ಮನೆಯ ಕಟ್ಟೆಯ ಮೇಲೆ ಕೂತಾಗ ನನ್ನ ಕಣ್ಣು ಕಂಡ ಲೆಕ್ಕ ಇಷ್ಟು. ಸಂತೆಯಲ್ಲಾದರೆ ಇಂಥ ಸರಕಿನ ಬೆಲೆ ಕೇಳದೆ ಮುಂದೆ ಹೋಗುವವನು ನಾನು. ಆದರೆ ಕಲಬುರಗಿಯಿಂದ ಕಳಿಸಿದವಳು ನನ್ನ ಅತ್ತೆ, ಹೆಂಡತಿಯ ತಾಯಿ. ಅತ್ತೆ ಕಳಿಸಿದ ಸರಕನ್ನು ವಾಪಸು ಮಾಡುವ ರೂಢಿ ನಮ್ಮಲ್ಲಿಲ್ಲ.

"ಹೆರಿಗಿಗಿ ಇನ್ನ ಒಂದು ತಿಂಗಳ ಅದ," ಎಂದೆ. "ಭಾಳ ಲಗೂ ಬಂದಿ."

"ಹೆರಿಗಿಗಿ ಬಂದಿಲ್ರೀ ಸಾವ್ಕಾರ್ರ. ನಾಯಿ ನೋಡಾಕ ಬಂದೀನಿ."

ನಾಯಿಗಳ ವಿಷಯ ಕುಸನೂರಿನ ತನಕ ಹೋಗಿತ್ತು ಎಂದಾಯಿತು.

ಎರಡು ವರ್ಷದ ಹಿಂದೆ, ನಿಜಾಮರ ಫಸಲಿ ಸನ್ ೧೩೨೧ರಲ್ಲಿ, ಇಂಗ್ರೇಜಿ ಲೆಕ್ಕದ ೧೯೧೧ರಲ್ಲಿ, ಕಲಬುರಗಿಗೆ ಪ್ಲೇಗು ಬಂತು. ಅಲ್ಲಿನ ಗಂಜ್ ಪೇಟೆಯಲ್ಲಿದ್ದ ನನ್ನ ಕಾಳಿನ ಅಂಗಡಿಗೆ ಬೀಗ ಬಿತ್ತು. ಅರ್ಧ ಊರು ಕಪನೂರಿನ ಕಡೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ನನ್ನ ಹೆಂಡತಿ ನೀಲಗಂಗಮ್ಮನ ತವರಿನವರೂ ಅಲ್ಲೇ ಇದ್ದರು. ಹೀಗಾಗಿ ತವರಲ್ಲಿ ಆಗಬೇಕಾದ ಚೊಚ್ಚಲ ಹೆರಿಗೆ ಕಮಲಾಪುರದಲ್ಲೇ ಆಯಿತು. ಗಂಡು ಮಗು. ಪದ್ಧತಿಯಂತೆ ಕೂಸಿನ ಬೆನ್ನಿಗೆ ಬಿದ್ದ ಮಾಸನ್ನು ಹಿತ್ತಲ ಮೂಲೆಯಲ್ಲಿ ಹೂಳಿಸಿದೆವು. ಮೂರನೆಯ ದಿನ ನಾಯಿ ಆ ತೆಗ್ಗನ್ನು ಕೆದರಿತು. ಹನ್ನೊಂದನೆಯ ದಿನ ಮಗು ಹೋಯಿತು.

ನಾಯಿಯ ಹೆಸರು ಜಮಾದಾರ. ನಿಜವಾದ ಪೊಲೀಸ್ ಜಮಾದಾರರು ಬೀದಿಯಲ್ಲಿ ಹಾಯುವಾಗ ನಾವು ಅದನ್ನು ಕೂಗುವುದಿಲ್ಲ. ಮದುವೆಯಾಗಿ ಬರುವಾಗ ನೀಲಗಂಗಮ್ಮ ಅದನ್ನು ಮರಿಯಾಗಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಅದರ ಜೊತೆಗಾತಿ ಚಿಂಗಿ ತಾನಾಗಿಯೇ ಬಂದು ಸೇರಿಕೊಂಡದ್ದು.

"ನಾಯಿ ಮಾಸು ಕೆದರಿದ್ರ ಕೂಸು ಉಳೀತದೇನು?" ಎಂದಳು ನನ್ನ ತಾಯಿ ಚಂದಮ್ಮ. "ಆ ನಾಯಿ ಯಾರ ಜೋಡಿ ಬಂತು ಈ ಮನಿಗಿ?"

ಯಾರ ಜೊತೆ ಬಂತು ಎಂಬುದು ಎಲ್ಲರಿಗೂ ಗೊತ್ತಿತ್ತು. ನೀಲಗಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಅಂಗಡಿ ತೆರೆದ ಮೇಲೆ ಅಂಗಡಿಗೆ ಹೋದೆ.

ಈಗ ಎರಡನೆಯ ಬಸಿರು. ಅವ್ವ ಮೊದಲೇ ತೀರ್ಪು ಕೊಟ್ಟಿದ್ದಳು: "ಈ ಸಲ ನಾಯಿ ಕೆದರಿತಂದ್ರ ನಾಯೀನೂ ಹೋಗಲಿ, ತಂದಾಕೀನೂ ತವರಿಗಿ ಹೋಗಲಿ. ಮತ್ತ ಕರಸೂದು ಬ್ಯಾಡ." ಅವ್ವ ಅಂದದ್ದನ್ನು ಮಾಡುವವಳು.

ನಾನು ಕೈಕಟ್ಟಿ ಕೂತಿರಲಿಲ್ಲ. ನಾಯಿಗಳೆರಡನ್ನೂ ಗಾಡಿಯಲ್ಲಿ ಹೇರಿ ಕಪನೂರಿನಾಚೆ ಬಿಟ್ಟು ಬಂದೆ. ನಾಲ್ಕು ದಿನಕ್ಕೆ ಎರಡೂ ಸೊರಗಿ ಮನೆಗೆ ಬಂದವು. ಕಟ್ಟಿದೆ, ಕಟ್ಟಿದಲ್ಲೇ ತೋಡಿದವು. ಖಾರಪುಡಿ ಚೆಲ್ಲಿಸಿದೆ; ಸೀನಿದ್ದು ನಾವು. ದಿನಾ ಬೆಳಿಗ್ಗೆ ತೆಗ್ಗು ಮುಚ್ಚಿಸುವುದು, ಸಂಜೆಗೆ ಮತ್ತೆ ನೋಡುವುದು ಒಂದು ದಿನಚರಿಯಾಗಿತ್ತು.

ಬಂಡೆಮ್ಮ ಹಿತ್ತಲಲ್ಲಿ ಬೋರಲು ಹಾಕಿದ ಒರಳಿನ ಮೇಲೆ ಕೂತಳು. ಮೂರು ದಿನ ಕೂತೇ ಇದ್ದಳು. ಊಟಕ್ಕೆ ಎದ್ದಳು, ಅಡಿಕೆ ಮುಗಿದಾಗ ಎದ್ದಳು.

"ಏನ್ ನೋಡಾಕತ್ತಿ?" ಎಂದು ಕೇಳಿದೆ.

"ನಾಯಿ ಏನ್ ಕೇಳ್ತದಂತ. ಅಂಗಡಿಗಿ ಬಂದಾಂವ ಬಾಯಿ ತೆಗಿಯೂ ಮೊದ್ಲ ಅಂವಗೇನ್ ಬೇಕಂತ ನಿಮಗ ತಿಳೀತದಂತ. ಈ ಗಿರಾಕಿ ದಿನಾ ಬರ್ತದ. ಇನ್ನೂ ತಿಳಿದಿಲ್ಲೇನು?"

ನಾಲ್ಕನೆಯ ದಿನ ನನ್ನನ್ನು ಹಿತ್ತಲ ಸುತ್ತ ಕರೆದುಕೊಂಡು ಹೋದಳು. ಕೆಂಪು ಬಾಳೆಯ ಬುಡದಲ್ಲಿ ತೋಡುವುದು ಮಧ್ಯಾಹ್ನ ಮಾತ್ರ: ಅಲ್ಲಿ ನೆಲ ತಂಪು, ಹೊಟ್ಟೆ ಇಟ್ಟು ಮಲಗಲಿಕ್ಕೆ. ಕಾಳಿನ ಕೋಣೆಯ ಗೋಡೆಯ ಬದಿಗೆ ತೋಡುವುದು ಇಲಿಗಾಗಿ. ಬಚ್ಚಲ ಹಿಂದೆ ತೋಡುವುದು ಉಳಿದ ರೊಟ್ಟಿ ಬಚ್ಚಿಡಲಿಕ್ಕೆ.

"ಅದರಾಗ ನೀವು ದಿನಾ ಮಣ್ಣು ಮುಚ್ಚಿ ಮೆತ್ತಗ ಮಾಡಿ ಕೊಡ್ತೀರಿ. ಹಾಸಿಗಿ ಹಾಸಿ ಕೊಟ್ಟು ಮಲಗಬ್ಯಾಡ ಅಂದ್ರ ಹೆಂಗ್ರೀ?"

ಬೇವಿನ ಮರದ ನೆರಳಲ್ಲಿ ಅವಳೇ ಮೊಣಕಾಲು ಆಳದ ಅಗಲ ತೆಗ್ಗು ತೋಡಿದಳು, ಹಳ್ಳದ ಮರಳು ತುಂಬಿಸಿದಳು, ದಿನಾ ಎರಡು ಕೊಡ ನೀರು ಸುರಿದಳು. ಹಳಸಿದ ರೊಟ್ಟಿಗೆ ತುಪ್ಪದ ಗಸಿ ಸವರಿ ಅದರಲ್ಲಿ ಹುಗಿದಳು. ಇಲಿ ಬಿಲಗಳಿಗೆ ಕಲ್ಲು ಜಡಿಸಿದಳು, ಹಳೆಯ ತೆಗ್ಗುಗಳ ಮೇಲೆ ಫರಸಿ ಕಲ್ಲು ಹಾಸಿಸಿದಳು. ಜಮಾದಾರ ಬಾಳೆಯ ಬುಡಕ್ಕೆ ಕಾಲು ಹಾಕಿದರೆ ಒಮ್ಮೆ ಚಪ್ಪಾಳೆ, ಆಮೇಲೆ ಕಿವಿ ಹಿಡಿದು ಬೇವಿನ ಕೆಳಗೆ. "ಅದು ನಂದು, ಇದು ನಿಂದು," ಎನ್ನುವಳು. ಹೊಡೆಯಲಿಲ್ಲ, ಬೈಯಲಿಲ್ಲ. ಎರಡು ವಾರಕ್ಕೆ ನಾಯಿಗಳು ತಾವಾಗಿ ಬೇವಿನ ಕೆಳಗೆ ಹೋಗತೊಡಗಿದವು.

"ನಾಯಿಗಿ ಅರಮನಿ ಕಟ್ಟಿಸಿ ಕೊಟ್ಟಾಳ," ಎಂದಳು ಅವ್ವ. "ನಮ್ಮ ಬಚ್ಚಲಕ್ಕ ಇನ್ನೂ ಬಾಗಿಲಿಲ್ಲ."

ಒಂದು ಬೆಳಿಗ್ಗೆ ಬಂಡೆಮ್ಮ ಹಿತ್ತಲ ಮೂಲೆಯಲ್ಲಿ ಮೊದಲ ಮಾಸು ಹೂಳಿದ್ದ ಜಾಗದಲ್ಲಿ ಕಬ್ಬಿಣದ ಸಲಾಕೆ ಊರಿದಳು. ಒಂದು ಮೊಳಕ್ಕೆ ಅದು ಟಣ್ ಎಂದು ನಿಂತಿತು. ನಮ್ಮ ಹಿತ್ತಲಲ್ಲಿ ಮೇಲಿನ ಕರಿಮಣ್ಣು ಅಷ್ಟೇ. ಕೆಳಗೆ ಕಲ್ಲಿನಂಥ ಗಟ್ಟಿ ಗರಸು ಮಣ್ಣು.

"ಈ ತೆಗ್ಗು ಯಾರು ತೋಡಿದ್ರು?"

"ನಮ್ಮ ಆಳು ದತ್ತಪ್ಪ."

"ಗರಸು ಯಾಕ ಒಡೀಲಿಲ್ಲ?"

ಗರಸು ಒಡೆಯಲು ಇನ್ನೊಬ್ಬ ಆಳು ಬೇಕು ಎಂದು ದತ್ತಪ್ಪ ಅಂದು ಕೇಳಿದ್ದ. ಒಂದು ಮೊಳ ಸಾಕು ಎಂದವನು ನಾನು. ಆ ಮಾತನ್ನು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಬಂಡೆಮ್ಮನಿಗೆ ಹೇಳಿದೆ.

ಅವಳು ಅಡಿಕೆ ಉಗಿದಳು. "ನಾ ಹೇಳೂದಿಲ್ಲ. ನಿಮ್ಮವ್ವಗ ನೀವು ಹೇಳಬೇಕಾದ ಮಾತದು."

"ಈ ಸಲ ಆಳ ತೋಡಿದ್ರ ಕೂಸು ಉಳೀತದೇನು?" ಎಂದೆ.

"ನಾ ಆರು ಹೆತ್ತೆ. ಆರೂ ಮಾಸು ನಾನೇ ಹೂಳೀನಿ. ನಾಯಿ ಮೂಸಿ ಸೈತ ನೋಡಿಲ್ಲ. ಒಂದೂ ಉಳಿದಿಲ್ಲ."

"ಮತ್ತ ಇಷ್ಟೆಲ್ಲಾ ಯಾಕ?"

"ಇದು ಕೂಸಿಗಲ್ರೀ. ತಾಯಿಗಿ."

ಹೆಣ್ಣು ಮಗು ಹುಟ್ಟಿತು. ದತ್ತಪ್ಪನೂ ಇನ್ನೊಬ್ಬ ಆಳೂ ಗರಸು ಒಡೆದು ಎದೆಮಟ್ಟ ತೋಡಿದರು. ಬಂಡೆಮ್ಮ ಉಪ್ಪು ಸುರಿದಳು, ಬೇವಿನ ಸೊಪ್ಪು ಹಾಕಿದಳು, ಮಣ್ಣನ್ನು ಪದರ ಪದರವಾಗಿ ತುಳಿಸಿದಳು. ಮೇಲೆ ಇಬ್ಬರು ಎತ್ತಬೇಕಾದ ಚಪ್ಪಡಿ. ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿದಳು. ಜಮಾದಾರ ಬಂದು ಒಂದು ಸುತ್ತು ಹಾಕಿ ಬೇವಿನ ಕೆಳಗೆ ಹೋಗಿ ಮಲಗಿತು.

ಏಳನೆಯ ದಿನ ಮಗುವಿಗೆ ಜ್ವರ ಬಂತು. ಒಂಬತ್ತನೆಯ ದಿನ ಬೆಳಿಗ್ಗೆ ಅದೂ ಹೋಯಿತು.

ಅವ್ವ ಮೊದಲು ಹೋದದ್ದು ಹಿತ್ತಲಿಗೆ. ನಾನು ಹಿಂದೆ ಹೋದೆ. ಚಪ್ಪಡಿಯ ಮೇಲೆ ಹಚ್ಚಿದ ಅರಿಸಿನ ಹಚ್ಚಿದ ಹಾಗೇ ಇತ್ತು. ಇರುವೆಗಳು ಅದರ ಮೇಲೆ ಸಾಲು ಹಿಡಿದು ಹೋಗುತ್ತಿದ್ದವು. ಜಮಾದಾರ ತನ್ನ ಮರಳಿನಲ್ಲಿ ಕಾಲು ಮೇಲೆ ಮಾಡಿ ಮಲಗಿತ್ತು.

"ಕಲ್ಲು ಹಂಗೇ ಅದ," ಎಂದಳು ಅವ್ವ.

"ಅದ," ಎಂದೆ.

ಅವಳು ಒಳಗೆ ಹೋಗಿ ನೀಲಗಂಗಮ್ಮನ ಪಕ್ಕದಲ್ಲಿ ಕೂತಳು. ತವರಿಗೆ ಕಳಿಸುವ ಮಾತು ಆ ದಿನವೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಸಂಜೆ ನಾಯಿಗಳಿಗೆ ರೊಟ್ಟಿ ಹಾಕಿದಳು. ಹತ್ತಿರ ಹೋಗದೆ, ದೂರದಿಂದ ಎಸೆದಳು.

ಬಂಡೆಮ್ಮನಿಗೆ ಸೀರೆ ಕೊಟ್ಟೆ, ಜೋಳ ಹೇರಿಸಿದೆ. ಬೇಡವೆನ್ನಲಿಲ್ಲ. ಗಾಡಿ ಹೊರಡುವಾಗ ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಿದಳು.

"ಆ ಮಾತು?"

"ಹೇಳ್ತೀನಿ."

"ಹೂಂ," ಎಂದಳು. ನಾಳೆ ಬಂದು ಒಯ್ಯುತ್ತೇನೆ ಎನ್ನುವ ಗಿರಾಕಿಗೆ ನಾನು ಹಾಗೇ ಅನ್ನುತ್ತೇನೆ.

ಐದು ವರ್ಷದ ಮೇಲೆ ಮಾನಮೋಡಿ ಎಂಬ ಇನ್‌ಫ್ಲುಯೆಂಜಾ ಜ್ವರ ಬಂದಾಗ ಬಂಡೆಮ್ಮ ತೀರಿಕೊಂಡಳು. ಕುಸನೂರಿನ ದೌಲಪ್ಪ ಅಂಗಡಿಗೆ ಬಂದು ಹೇಳಿದಾಗ ನಾನು ಕಡಲೆ ತೂಗುತ್ತಿದ್ದೆ. ತೂಗಿ ಮುಗಿಸಿದೆ. ಅದೇ ವಾರ ಕಮಲಾಪುರಕ್ಕೆ ಹೋದೆ. ಅವ್ವ ಹಿಂದಿನ ವರ್ಷವೇ ತೀರಿಹೋಗಿದ್ದಳು. ಒಲೆಯ ಮುಂದಿದ್ದ ನೀಲಗಂಗಮ್ಮನಿಗೆ, ಆ ಮೊದಲ ತೆಗ್ಗಿಗೆ ಒಂದು ಮೊಳ ಸಾಕು ಎಂದವನು ನಾನೇ ಎಂದು ಹೇಳಿದೆ.

"ಗೊತ್ತದ," ಎಂದಳು. "ದತ್ತಪ್ಪ ಅವತ್ತೇ ಹೇಳ್ಯಾನ."

ರೊಟ್ಟಿ ತಿರುವಿ ಹಾಕಿದಳು. ನಾನು ಉಂಡೆ.

ನೀಲಗಂಗಮ್ಮ ಈ ಮನೆಯಲ್ಲಿ ಉಳಿದದ್ದು ಬಂಡೆಮ್ಮನಿಂದ. ಅದಕ್ಕೆ ನಾನು ಅವಳಿಗೆ ಕೊಡಬೇಕಾಗಿದ್ದ ಬಾಕಿ ಒಂದೇ: ಅವ್ವ ಬದುಕಿದ್ದಾಗ ಅವ್ವನಿಗೆ ಆ ಮಾತು ಹೇಳುವುದು. ಕೊಟ್ಟಿಲ್ಲ.