ದರ್ಜಿ ಭಾವ ಹೊಲಿದ ಪುಸ್ತಕ

ನನ್ನ ಅಕ್ಕನ ಗಂಡ ನಲವತ್ತೆರಡು ವರ್ಷ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಗಿರಾಕಿಯ ಹೊಟ್ಟೆಯನ್ನು ಒಮ್ಮೆ ನೋಡಿ, ಮುಂದಿನ ವರ್ಷ ಅದು ಎಲ್ಲಿಯವರೆಗೆ ಬಂದೀತೆಂದು ಅಂದಾಜು ಮಾಡಿ, ಒಳಗೆ ಅಷ್ಟು ಬಟ್ಟೆ ಬಿಡುತ್ತಿದ್ದರು. ಮಾತಿಗೆ ಮಾತ್ರ ಅಳತೆ ಇರಲಿಲ್ಲ. ಷರಟಿಗೆ ಅಳತೆ ಕೊಡಲು ಬಂದವನು ಮೂರು ಕಥೆ ಕೇಳದೆ ಮೆಟ್ಟಿಲು ಇಳಿಯುವಂತಿರಲಿಲ್ಲ.

ಹೊಲಿದಿಟ್ಟ ಬಟ್ಟೆ ಮಾರುವ ಅಂಗಡಿಗಳು ಬಂದವು, ಗಿರಾಕಿಗಳು ಹೋದರು, ಕಥೆಗಳು ಉಳಿದವು. ಭಾವ ಅಷ್ಟನ್ನೂ ಬರೆದು ಒಬ್ಬ ಪ್ರಕಾಶಕರಿಗೆ ಕೊಟ್ಟರು. ಅವರು ಅರ್ಧ ತೆಗೆದರೆ ನೋಡೋಣ ಅಂದರಂತೆ. ಭಾವ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬಂದರು.

"ಜೀವಮಾನವೆಲ್ಲ ಕತ್ತರಿ ಹಿಡಿದೋನು ನಾನು. ನನಗೇ ಕತ್ತರಿ ಹಾಕೋಕೆ ಅವನ್ಯಾರು?"

ತಾವೇ ಅಚ್ಚು ಹಾಕಿಸುವುದೆಂದು ನಿಶ್ಚಯವಾಯಿತು. ಕೇಳುವವರಿಲ್ಲದ ಸ್ವಾತಂತ್ರ್ಯ ನೋಡಿ, ಅದರ ಸುಖವೇ ಬೇರೆ. ಮುಖಪುಟದ ಮೇಲೆ ಕೊರಳಿಗೆ ಟೇಪು ಹಾಕಿಕೊಂಡ ಭಾವ. ಒಳಗೆ ಭಾವನದೇ ಮುನ್ನುಡಿ. ಹಿಂದೆ 'ಇದು ಅನುಭವದ ಗಣಿ' ಎಂಬ ಹೊಗಳಿಕೆ, ಹೊಗಳಿದವರ ಹೆಸರಿಲ್ಲ. ವಿನಯವಂತರು, ಅವರೂ ಭಾವನೇ. ಪ್ರೆಸ್ಸಿನವರು ಬೆನ್ನಿಗೆ ಗೋಂದು ಹಚ್ಚುತ್ತೇವೆ ಅಂದಾಗ ಮಾತ್ರ ಭಾವನಿಗೆ ಮೈ ಉರಿಯಿತು. ದರ್ಜಿಯ ಪುಸ್ತಕಕ್ಕೆ ಗೋಂದೇ? ಅಚ್ಚಾದ ಹಾಳೆಗಳನ್ನು ಮನೆಗೆ ತರಿಸಿದರು. ಹದಿನಾರು ಪುಟದ ಒಂದೊಂದು ಮಡಿಕೆಗೆ ಫಾರಂ ಅನ್ನುತ್ತಾರೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಫಾರಂಗಳ ಕಟ್ಟುಗಳನ್ನು ಸಾಲಾಗಿಟ್ಟು, ಒಂದೊಂದೇ ಜೋಡಿಸಿ, ಕೋಟಿನ ದಾರದಲ್ಲಿ ಮುನ್ನೂರು ಪ್ರತಿ ಹೊಲಿದರು. ಕಟ್ಟು ಸರಿಯಾಗಿದೆಯಾ ನೋಡಲೇ ಎಂದ ಅಕ್ಕನನ್ನು ಒಲೆ ನೋಡಿಕೋ ಎಂದು ಕಳಿಸಿದರು.

ಪ್ಯಾಂಟಿನ ಅಂಚು ಮಡಿಸಲು ಬಂದವರಿಗೂ ಪುಸ್ತಕ ಸಿಕ್ಕಿತು. ಹೊಗಳಿಕೆ ಹೊಳೆಯಾಗಿ ಹರಿಯಿತು. ನಿವೃತ್ತ ಹೆಡ್ಮಾಸ್ತರರು ಒಂದೇ ಗುಕ್ಕಿಗೆ ಓದಿದೆ ಅಂದರು. ಔಷಧಿ ಅಂಗಡಿಯವರಿಗೆ ಪುಟಪುಟವೂ ಮುತ್ತು. ಆದರೂ ಭಾವ ಒಣಗುತ್ತ ಹೋದರು. ಆ ಕಥೆಯಲ್ಲಿ ಅವನು ಹಾಗೆ ಮಾಡಬಾರದಿತ್ತು ಎಂದು ಒಬ್ಬರಾದರೂ ಅನ್ನಲಿ ಎಂದು ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿರುತ್ತಿದ್ದರು. ಅಕ್ಕನನ್ನು ಕೇಳಿದರೆ, ನಲವತ್ತು ವರ್ಷ ಕೇಳಿದ್ದು ಸಾಲದೇ, ಓದಲೂ ಬೇಕೇ ಅಂದಳು.

ನಾನು ಓದಿದ್ದು ಮೂರನೆಯ ಕ್ಲಾಸು. ಯಜಮಾನರು ಹೋದ ಮೇಲೆ ನನಗೆ ಮಧ್ಯಾಹ್ನಗಳು ಬೇಕಾದಷ್ಟು. ಸಾಲಿನ ಕೆಳಗೆ ಬೆರಳಿಟ್ಟು ದಿನಕ್ಕೊಂದು ಪುಟ ಓದಿದೆ. ಮದುವೆಗೆಂದು ಕೋಟು ಹೊಲಿಸಿದ ಗುಮಾಸ್ತನೊಬ್ಬ ಅದನ್ನು ಒಯ್ಯಲು ಬರಲೇ ಇಲ್ಲ. ಹನ್ನೊಂದು ವರ್ಷವಾದ ಮೇಲೆ ಒಬ್ಬ ಹೆಂಗಸು ಅದರ ಚೀಟಿ ಹಿಡಿದು ಬಂದಳು. ಏನೋ ಹೇಳಲು ಬಾಯಿ ತೆರೆದಳು. ಅಲ್ಲಿಗೆ ಅರವತ್ತನಾಲ್ಕನೆಯ ಪುಟ ಮುಗಿಯಿತು. ಮರುದಿನ ಎದುರಿನ ಪುಟಕ್ಕೆ ಬಂದರೆ ನಲವತ್ತೊಂಬತ್ತು! ಹಿಂದೆಯೇ ಬಂದು ಹೋಗಿದ್ದ ಛತ್ರಿ ರಿಪೇರಿಯವನು ಮತ್ತೆ ಹಾಜರು. ಹೇಳಿದ್ದನ್ನೇ ಹೇಳುವುದು ಭಾವನ ಅಭ್ಯಾಸ, ಪುಸ್ತಕದಲ್ಲೂ ಬಿಟ್ಟಿಲ್ಲ ಅಂದುಕೊಂಡು ಹದಿನಾರು ದಿನ ಅದನ್ನೇ ಓದಿದೆ. ಹೆಂಗಸು ಮತ್ತೆ ಬಾಯಿ ತೆರೆದಳು. ಆಮೇಲೆ ಎಂಬತ್ತೊಂದನೆಯ ಪುಟ, ಯಾರದೋ ಪೈಜಾಮ.

ತಡೆಯಲಾರದೆ ಹೋದೆ.

"ಭಾವ, ಚೀಟಿ ಹಿಡ್ಕೊಂಡು ಬಂದೋಳು ಏನಂದ್ಲು?"

ಮಿಷನ್ನು ನಿಂತಿತು. "ಪುಸ್ತಕದಲ್ಲೇ ಇದೆಯಲ್ಲ."

"ಇಲ್ಲ. ಅವಳು ಬಾಯಿ ತೆರೆಯೋ ಹೊತ್ತಿಗೆ ಛತ್ರಿಯವನು ಬಂದುಬಿಡ್ತಾನೆ."

ಭಾವ ಒಂದು ಪ್ರತಿ ಬಿಡಿಸಿದರು, ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ನಾಲ್ಕನೆಯ ಫಾರಂ ಎರಡು ಸಲ, ಐದನೆಯದು ಇಲ್ಲವೇ ಇಲ್ಲ. ಪ್ರೆಸ್ಸಿನವರು ನಾಲ್ಕನೆಯದನ್ನು ಹೆಚ್ಚಿಗೆ ಅಚ್ಚುಹಾಕಿ ಎರಡು ಕಟ್ಟು ಕಳಿಸಿದ್ದರು. ಐದನೆಯದು ಮಿಷನ್ನಿನ ಕೆಳಗೆ ಕಂದು ಕಾಗದದಲ್ಲಿ ಭದ್ರವಾಗಿತ್ತು. ನಾಲ್ಕು ತಿಂಗಳಿಂದ ಭಾವ ಅದರ ಮೇಲೆ ಎಡಗಾಲು ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಹೆಡ್ಮಾಸ್ತರರು ಗುಂಡಿ ಹಾಕಿಸಿಕೊಳ್ಳಲು ಬಂದರು. ಭಾವ ಸೂಜಿಯಿಂದ ತಲೆಯೆತ್ತದೆ, ಕೋಟಿನ ಕಥೆಯ ಕೊನೆ ಹೇಗಿತ್ತು ಎಂದು ಕೇಳಿದರು.

"ಅದೇ ರೀ, ಆ ಕೊನೆ. ಓದಿ ಕಣ್ಣಲ್ಲಿ ನೀರು ಬಂತು."

ಒಳಗೆ ಅಕ್ಕನ ಕೈಯಿಂದ ಪಾತ್ರೆಯ ಮುಚ್ಚಳ ಬಿತ್ತು.

ಮರುದಿನ ಭಾವ ನನ್ನ ಪ್ರತಿಯ ಹೊಲಿಗೆ ಬಿಚ್ಚಿ, ಐದನೆಯ ಫಾರಂ ಸೇರಿಸಿ, ಕೈಯಲ್ಲೇ ಹೊಲಿದು ಕೊಟ್ಟರು. ಉಳಿದವರಿಗೆ, ಕೇಳಿಕೊಂಡು ಬಂದರೆ ಹಾಕಿಕೊಡುತ್ತಾರಂತೆ. ಎರಡು ವರ್ಷವಾಯಿತು, ಕಟ್ಟು ಬಾಗಿಲ ಪಕ್ಕದಲ್ಲೇ ಇದೆ, ಅಕ್ಕ ಧೂಳು ಒರೆಸುತ್ತಾಳೆ. ಆ ಹೆಂಗಸು ಏನಂದಳೆಂದು ನಿಮಗೂ ಬೇಕಿದ್ದರೆ ಹೋಗಿ ಕೇಳಿ.

ಈಗ ಎರಡನೆಯ ಪುಸ್ತಕ. ಮೊನ್ನೆ ನನ್ನನ್ನು ಕರೆಸಿ, ಬರೆದದ್ದನ್ನೆಲ್ಲ ಓದಿ, ಹೇಗಿದೆ ಅಂದರು.

"ಚೆನ್ನಾಗಿದೆ ಭಾವ. ಅರ್ಧ ತೆಗೀರಿ."

ಇನ್ನೇನು ಸಿಡಿಲು ಬಿತ್ತು ಎಂದು ಅಕ್ಕ ಬಾಗಿಲಿಗೆ ಬಂದು ನಿಂತಳು. ಭಾವ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ಆಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು ಎತ್ತಿಕೊಂಡರು.

"ಯಾವ ಅರ್ಧ, ಹೇಳು."