ಅಕ್ಕನ ಕಸೂತಿ ಅಳಿಸಿದ್ದು

ಶಿಗ್ಗಾಂವಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂತು ಚಿತ್ರ ತಿದ್ದುವುದು ನನ್ನ ಕೆಲಸ. ಮೊದಲು ಮದುವೆ ಫೋಟೊಗಳೇ ಇರುತ್ತಿದ್ದವು. ಈಗ ಹೆಚ್ಚಾಗಿ ಆನ್‌ಲೈನ್‌ನಲ್ಲಿ ಮಾರುವ ಸಾಮಾನಿನವು. ಬಟ್ಟೆಯ ಮೇಲಿನ ಚಿತ್ತಾರ ಹೋಗಬೇಕು, ಮಡಿಕೆಯ ನೆರಳು ಮಾತ್ರ ಉಳಿಯಬೇಕು. ನೆರಳು ಹೋದರೆ ಬಟ್ಟೆ ರಟ್ಟಿನಂತೆ ಕಾಣುತ್ತದೆ. ಅದಕ್ಕೆ ಬಣ್ಣ ಒಂದು ಪದರ, ನೆರಳು ಒಂದು ಪದರ ಮಾಡಿಕೊಂಡು, ಬಣ್ಣವನ್ನಷ್ಟೇ ಒರೆಸುತ್ತ ಹೋಗುತ್ತೇನೆ. ಹಾಗೆ ಬೋಳಾದ ಬಟ್ಟೆಯ ಮೇಲೆ ವ್ಯಾಪಾರಿ ತನಗೆ ಬೇಕಾದ ಡಿಸೈನ್ ಕೂರಿಸಿಕೊಳ್ಳುತ್ತಾನೆ.

ನನ್ನ ಅಕ್ಕ ಇರುವುದು ಹಿರೇಬೆಂಡಿಗೇರಿಯಲ್ಲಿ. ಭಾವ ತೀರಿಕೊಂಡ ಮೇಲೆ ಅವಳು ಕಸೂತಿ ಹಾಕಿಯೇ ದಿನ ದೂಡುತ್ತಿದ್ದಳು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುತ್ತಿರಲಿಲ್ಲ. ಎಳೆ ಎಣಿಸಿಯೇ ಗೋಪುರ, ತುಳಸಿಕಟ್ಟೆ ಎಬ್ಬಿಸುತ್ತಿದ್ದಳು. ಸ್ಟುಡಿಯೋಗೆ ಬರುತ್ತಿದ್ದ ಹುಬ್ಬಳ್ಳಿಯ ಒಬ್ಬ ವ್ಯಾಪಾರಿಗೆ ಅವಳ ದಿಂಬಿನ ಕವರ್ ತೋರಿಸಿದವಳು ನಾನೇ. ಎರಡು ವರ್ಷ ಅವನು ಅವಳಿಂದ ಕೊಂಡ.

ಒಂದು ದಿನ ಅವನಿಂದ ಬಂದ ಫೋಟೊ ತೆರೆದರೆ ಅಕ್ಕನ ಕವರ್‌ಗಳು. ಕಸೂತಿಯನ್ನೆಲ್ಲ ತೆಗೆಯಬೇಕೆಂದು ಬರೆದಿದ್ದ.

"ಇದು ನಮ್ಮಕ್ಕನ ಕೆಲಸ ರೀ. ನಾ ಹೆಂಗ ಅಳಸ್ಲಿ?" ಎಂದೆ ಸ್ಟುಡಿಯೋ ಮಾಲಕರಿಗೆ.

"ಅಳಸೂದು ಫೋಟೊದಾಗ ಅಷ್ಟ ಬಿಡವ್ವಾ. ಕವರ್ ಎಲ್ಲಿ ಹೋಗ್ತೈತಿ?" ಎಂದರು ಅವರು.

ಆ ಮಾತನ್ನು ನಂಬಿದೆ. ನಂಬಿದರೆ ನನಗೂ ಅನುಕೂಲವಿತ್ತು. ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಗೋಪುರ ಒರೆಸಿದೆ, ಒಂದು ನೆರಳನ್ನೂ ಕೆಡಿಸಲಿಲ್ಲ. ಮಾಲಕರು ಹೊಗಳಿದಾಗ ಖುಷಿಯೂ ಆಯಿತು.

ತಿಂಗಳು ಕಳೆಯುವುದರೊಳಗೆ ಅಕ್ಕನಿಗೆ ಕೆಲಸ ಬರುವುದು ನಿಂತಿತು. ವ್ಯಾಪಾರಿಯ ಆನ್‌ಲೈನ್ ಪುಟದಲ್ಲಿ ನಾನು ಒರೆಸಿಕೊಟ್ಟ ಅದೇ ದಿಂಬಿನ ಫೋಟೊ, ಅದರ ಮೇಲೆ ಮಷಿನ್‌ನಲ್ಲಿ ಅಚ್ಚು ಹಾಕುವ ಕಸೂತಿಯ ಡಿಸೈನ್, ಬಗೆಬಗೆಯ ಬಣ್ಣದಲ್ಲಿ. ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕೆಂದು ಭಾನುವಾರ ಊರಿಗೆ ಹೋಗಿ ಮೊಬೈಲ್ ಅವಳ ಕೈಗೆ ಕೊಟ್ಟೆ.

ಅಕ್ಕ ಅದನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಛಾಪಾ ಅಕ್ಕಾ, ಕೈಲೆ ಹಾಕಿದ್ದಲ್ಲ," ಎಂದೆ.

"ಛಾಪಾ ಖರೆ. ಆದ್ರ ಈ ಮೂಲ್ಯಾಗಿನ ಸುಕ್ಕು ನಂದು. ದಾರ ಬಿಗಿ ಆಗಿತ್ತು. ಬಿಚ್ಚಿ ಹಾಕಬೇಕಂದ್ರ ನಿಮ್ಮ ಭಾವನ ವರ್ಷದ ತಿಥಿ ಬಂತು, ಹಂಗ ಬಿಟ್ಟೆ."

"ಅಳಿಸಿದಾಕಿ ನಾನ ಅಕ್ಕಾ."

ಅವಳು ಮತ್ತೆ ಫೋಟೊ ನೋಡಿದಳು. "ನಿನ್ನ ಕೈ ಛಲೋ ಐತಿ. ಒಂದ ಎಳಿನೂ ಉಳಿಸಿಲ್ಲ ನೋಡು."

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಇನ್ನೊಬ್ಬ ಕೆಲಸಗಾತಿಯ ಹೊಲಿಗೆ ನೋಡಿ ಹೇಳುವ ಹಾಗೆ ಹೇಳಿದ್ದಳು. "ಬೈ ಅಕ್ಕಾ, ಏನರೆ ಅನ್ನು," ಎಂದು ಅತ್ತೆ. ಅವಳು ಚಹಾ ಇಡಲು ಒಳಗೆ ಹೋದಳು.

ಅಂದಿನಿಂದ ಆ ವ್ಯಾಪಾರಿಯ ಫೋಟೊಗಳನ್ನು ನಾನು ಮುಟ್ಟಿಲ್ಲ. ಬೇರೆಯವರವು ಬರುತ್ತವೆ, ತಿದ್ದುತ್ತೇನೆ. ಅಕ್ಕ ಈಗ ಬಿತ್ತನೆಯ ಹತ್ತಿ ಬೀಜ ಬೆಳೆಯುವ ಹೊಲಕ್ಕೆ ಹೋಗುತ್ತಾಳೆ. ಎಳೆ ಮೊಗ್ಗುಗಳನ್ನು ಉಗುರಿನಿಂದ ಬಿಡಿಸಿ, ಮರುದಿನ ಅವಕ್ಕೆ ಬೇರೆ ಗಿಡದ ಹೂವಿನ ಪರಾಗ ಮುಟ್ಟಿಸುವ ಕೂಲಿ. ದೀಪಾವಳಿಗೆ ಬಟ್ಟೆ, ದಾರ ಒಯ್ದು, ನನಗಾಗಿ ಒಂದು ಕವರ್ ಹಾಕಿಕೊಡು ಎಂದು ಕೇಳಿದೆ.

"ಕಣ್ಣ ಕಾಣೂದಿಲ್ಲ ತಂಗಿ," ಎಂದಳು.

ದಿನವಿಡೀ ಆ ಸಣ್ಣ ಮೊಗ್ಗು ಬಿಡಿಸುವವಳು. ನಾನು ಮತ್ತೆ ಕೇಳಲಿಲ್ಲ. ಬಟ್ಟೆ, ದಾರ ವಾಪಸು ತಂದೆ.