ಮಾರ್ಚ್ ಮೂವತ್ತೊಂದರ ಹೋಳಿಗೆ

ಯುಗಾದಿಗೆ ಹೋಳಿಗೆ ಸರಿ, ಮಾರ್ಚ್ ಮೂವತ್ತೊಂದಕ್ಕೂ ಯಾಕೆ ಎಂದು ಕೇಳಿದಿರಿ. ಬಾಯಿಂದ ಹೇಳಲು ನನಗೆ ಸಂಕೋಚ, ಬರೆದುಕೊಡುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಕಮಲಾಪುರದ ನಮ್ಮ ಓಣಿಯ ಹೆಣ್ಣುಮಕ್ಕಳ ಸಂಘ ಸೇರಿದೆ. ಖಡಕ್ ರೊಟ್ಟಿ ಬಡಿದು ಕಲಬುರಗಿಯ ಅಂಗಡಿಗಳಿಗೆ ಕಳಿಸುತ್ತಿದ್ದೆವು. ನನ್ನ ಅಕ್ಷರ ದುಂಡಗಿದೆ ಎಂದು ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಯುಗಾದಿಯ ದಿನ ಬೇವಿನ ಪಾನಕ ಕುಡಿದು, ಹಳೆಯ ಪುಸ್ತಕಕ್ಕೆ ಕುಂಕುಮ ಹಚ್ಚಿ ಮುಚ್ಚಿ, ಹೊಸದನ್ನು ತೆರೆಯುವುದು ನಮ್ಮ ಪದ್ಧತಿ.

ಒಂದು ವರ್ಷ, ಯುಗಾದಿ ಮಾರ್ಚಿನಲ್ಲೇ ಬಂದಿತ್ತು, ಹಿಟ್ಟು ನಾದುವ ಯಂತ್ರಕ್ಕೆ ಸರ್ಕಾರಕ್ಕೆ ಅರ್ಜಿ ಹಾಕಿದೆವು. ಎಲ್ಲರ ರಟ್ಟೆಗಳೂ ಸೋತಿದ್ದವು, ಯಂತ್ರ ಬರಲೇಬೇಕಿತ್ತು. ಅರ್ಜಿಯ ಜೊತೆ ಕೊಡಬೇಕಿದ್ದ ವರ್ಷದ ಲೆಕ್ಕಕ್ಕೆ ಆಡಿಟರ್ ಸಹಿ ಹಾಕಿಸಲು ಏಪ್ರಿಲಿನಲ್ಲಿ ನಾನೂ ಸಂಘದ ಹಿರಿಯಕ್ಕನೂ ಬಸ್ಸು ಹತ್ತಿ ಕಲಬುರಗಿಗೆ ಹೋದೆವು. ಆಡಿಟರ್ ಚಿಕ್ಕ ವಯಸ್ಸಿನ ಹುಡುಗಿ. ಪುಟ ತಿರುವಿ ನಕ್ಕಳು.

“ಯಮ್ಮಾ, ಇದು ಯುಗಾದಿಗೇ ನಿಂತದಲ್ರೀ. ಮುಂದಿನ ಲೆಕ್ಕ ಎಲ್ಲದ?”

“ಹೊಸಾ ಪುಸ್ತಕದಾಗ ಅದರೀ,” ಎಂದೆ.

“ಆರ್ಥಿಕ ವರ್ಷ ಅಂದ್ರ ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರ ತನಕ. ಅದಕ್ಕೇ ಎರಡು ಇಸವಿ ಜೋಡಿಸಿ ಬರೀತಾರ. ಉಳಿದ ದಿನದ್ದು ಹಳೇ ಪುಸ್ತಕದಾಗೇ ಬರಕೊಂಡು ಬರ್ರಿ, ಸಹಿ ಮಾಡ್ತೀನಿ.”

ಹಿರಿಯಕ್ಕ ಎದ್ದೇಬಿಟ್ಟಳು. “ಕುಂಕುಮ ಹಚ್ಚಿ ಮುಚ್ಚಿದ್ದರಾಗ ಮತ್ತ ಬರೀತಾರೇನು? ಯಂತ್ರ ಬರದಿದ್ರ ಬ್ಯಾಡ!”

ಊರಿಗೆ ಬಂದು ಸಂಘದ ಸಭೆ ಸೇರಿದಾಗಲೂ ಅವಳದು ಅದೇ ಮಾತು. ಸಭೆಯಲ್ಲಿ ಎಂದೂ ಮಾತಾಡದ ನಾನು ಸೆರಗಿನ ಚುಂಗು ಹಿಡಿದುಕೊಂಡೇ ಅಂದೆ:

“ನಮ್ಮಪ್ಪ ಹೊಲದ ಕಂದಾಯಕ್ಕ ಫಸಲಿ ವರ್ಷ ಅಂತಿದ್ದ, ಅದು ಮಳಿಗಾಲದಾಗ ಶುರು. ಮಕ್ಕಳ ಸಾಲಿ ವರ್ಷ ಜೂನಿಗಿ. ಅದಕ್ಕೆಲ್ಲಾ ಯುಗಾದಿ ಸಿಟ್ಟಾಗಿಲ್ಲ. ಲೆಕ್ಕಕ್ಕೂ ತನ್ನದೊಂದು ವರ್ಷ ಇರಲಿ. ಬರದು, ಅದರ ಕೆಳಗ ಮತ್ತ ಕುಂಕುಮ ಹಚ್ಚೋಣು.”

ಹಿರಿಯಕ್ಕ ನನ್ನನ್ನೇ ನೋಡಿದಳು. “ಅಯ್ಯ, ಇಕಿಗಿ ಬಾಯಿ ಅದ! ಎರಡನೇ ಪೂಜಿಗಿ ಹೋಳಿಗಿ ಯಾರ ಮಾಡ್ತಾರ?”

“ನಾ ಮಾಡ್ತೀನಕ್ಕಾ.”

“ಹಂಗಾದ್ರ ಬರಿ. ತುಪ್ಪ ಮಾತ್ರ ಕೈಬಿಚ್ಚಿ ಹಾಕು.”

ಓಣಿಯೆಲ್ಲ ನಕ್ಕಿತು. ಬರೆದೆ, ಸಹಿಯಾಯಿತು, ಮಳೆಗಾಲದ ಹೊತ್ತಿಗೆ ಯಂತ್ರವೂ ಬಂತು. ಹಿರಿಯಕ್ಕ ಅದಕ್ಕೂ ಕುಂಕುಮ ಹಚ್ಚಿದಳು.

ಈಗ ಯುಗಾದಿಗೆ ಪುಸ್ತಕಕ್ಕೆ ಹೂವಿಡುತ್ತೇವೆ, ಮುಚ್ಚುವುದಿಲ್ಲ. ಮುಚ್ಚುವುದು ಮಾರ್ಚ್ ಮೂವತ್ತೊಂದಕ್ಕೆ. ಅಂದಿನ ಹೋಳಿಗೆಯ ಕಣಕ ನಾದುವುದು ಆ ಯಂತ್ರವೇ. ತುಪ್ಪ ಹಾಕುವಾಗ ಹಿರಿಯಕ್ಕ ಇನ್ನೂ ಬಗ್ಗಿ ನೋಡುತ್ತಾಳೆ.